ಏಡಿ ಚುಚ್ಚಿದ ಜಿಗ್: ಟಾಟಾಗ್ ಮೀನಿಗೆ ಬಣ್ಣ ಎಷ್ಟು ಮುಖ್ಯ?

ಅಮೆರಿಕದ ಪೂರ್ವ ಕರಾವಳಿಯ ನ್ಯೂಜೆರ್ಸಿ, ಲಾಂಗ್ ಐಲೆಂಡ್, ರೋಡ್ ಐಲೆಂಡ್ ಕಡೆ ಅಕ್ಟೋಬರ್ ಬಂತೆಂದರೆ ಗಾಳ ಹಾಕುವವರ ಬಾಯಲ್ಲಿ ಒಂದೇ ಹೆಸರು: ಟಾಟಾಗ್. ಕೆಲವರಿಗೆ ಬರೀ ಟಾಗ್, ಕೆಲವರಿಗೆ ಬ್ಲ್ಯಾಕ್‌ಫಿಶ್. ಆ ಕಡೆ ನೆಲೆಸಿ ಈಗಷ್ಟೇ ಗಾಳ ಹಿಡಿದಿರುವವರಿಗೆ ಈ ಟಿಪ್ಪಣಿ.

ಅಂಗಡಿಗೆ ಹೋದರೆ ಗೋಡೆ ತುಂಬ ಜಿಗ್‌ಗಳು, ಅಂದರೆ ಗಾಳದ ಮುಳ್ಳಿಗೆ ಭಾರದ ಲೋಹದ ತಲೆ ಕೂಡಿಸಿ ಬಣ್ಣ ಬಳಿದವು. ಕಿತ್ತಳೆ, ಬಿಳಿ, ಹಸಿರು, ಗುಲಾಬಿ, ನೇರಳೆ, ಏಡಿಯ ಹಾಗೇ ಚುಕ್ಕೆ ಬಳಿದದ್ದು. ಎಲ್ಲರ ಮೊದಲ ಪ್ರಶ್ನೆ, ಯಾವ ಬಣ್ಣ ತಗೊಳ್ಳಲಿ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ತೂಕ, ಆಮೇಲೆ ಏಡಿ, ಆಮೇಲೆ ಬಣ್ಣ. ಹಾಗಂತ ಬಣ್ಣ ಸುಮ್ನೆ ಶೋಕಿ ಅಲ್ಲ. ಅದರ ಹಿಂದೆ ಬೆಳಕಿನ ಲೆಕ್ಕ ಇದೆ, ಅದಕ್ಕೆ ಬರುತ್ತೇನೆ.

ಮೀನಿನ ಬಗ್ಗೆ ಇಷ್ಟು ಗೊತ್ತಿರಲಿ

ಟಾಟಾಗ್ ಕಲ್ಲುಬಂಡೆ, ಮುಳುಗಿದ ಹಡಗು, ದಡದ ಕಲ್ಲುಗೋಡೆ ಬಿಟ್ಟು ದೂರ ಹೋಗುವ ಮೀನಲ್ಲ. ಅದರ ಊಟ ಏಡಿ ಮತ್ತು ಮಸೆಲ್ ಚಿಪ್ಪು. ಮಸೆಲ್ ಅಂದರೆ ನಮ್ಮ ಕರಾವಳಿಯ ಪಚ್ಚಿಲೆಯ ಬಳಗದ್ದೇ. ಬಾಯಿಯ ಮುಂದೆ ಗಟ್ಟಿ ಮೊನಚು ಹಲ್ಲು, ಗಂಟಲಲ್ಲಿ ಅರೆಯುವ ಇನ್ನೊಂದು ಜೊತೆ ಹಲ್ಲು. ಮುಂದಿನದರಲ್ಲಿ ಕಚ್ಚಿ ಒಡೆಯುತ್ತದೆ, ಗಂಟಲಲ್ಲಿ ಪುಡಿ ಮಾಡುತ್ತದೆ. ಈ ಎರಡು ಹಂತ ನೆನಪಿಟ್ಟುಕೊಳ್ಳಿ, ಗಾಳ ಎಳೆಯುವ ಹೊತ್ತು ಇದರಲ್ಲೇ ಅಡಗಿದೆ.

ಇನ್ನೊಂದು ವಿಷಯ. ಟಾಟಾಗ್ ಹಗಲು ಮೇಯುತ್ತದೆ, ರಾತ್ರಿ ಕಲ್ಲಿನ ಸಂದಿಯಲ್ಲಿ ಮಲಗುತ್ತದೆ. ಅಂದರೆ ಕಣ್ಣಿಗೂ ಕೆಲಸ ಇದೆ. ಬಣ್ಣದ ಮಾತು ಪೂರ್ತಿ ಸುಳ್ಳಲ್ಲ ಎನ್ನುವುದಕ್ಕೆ ಕಾರಣ ಇದು.

ತೂಕ

ತಳ ಮುಟ್ಟಿ ಅಲ್ಲೇ ಕೂರುವ ಜಿಗ್‌ಗಳಲ್ಲಿ ಅತಿ ಹಗುರವಾದದ್ದು. ನಿಯಮ ಇಷ್ಟೇ. ಆರೇಳು ಮೀಟರ್ ಆಳ, ಸೆಳೆತ ಕಡಿಮೆ ಇದ್ದರೆ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಸಾಕಾಗುತ್ತದೆ. ಹನ್ನೆರಡು ಮೀಟರ್ ಹತ್ತಿರ ಹೋದರೆ ಎರಡು ಔನ್ಸ್ ಬೇಕಾಗಬಹುದು. ಜಿಗ್ ತಳದಲ್ಲಿ ಜಾರುತ್ತಾ ಹೋಗುತ್ತಿದೆ ಅಂತ ಕೈಗೆ ಗೊತ್ತಾದರೆ ಭಾರ ಹೆಚ್ಚಿಸಿ. ಬೇಕಿಲ್ಲದ ಭಾರ ಹಾಕಿದರೆ ಕಲ್ಲಿನ ಸಂದಿಗೆ ಇಳಿದು ಸಿಕ್ಕಿಕೊಳ್ಳುತ್ತದೆ, ಮೀನು ಬಾಯಲ್ಲಿ ಎತ್ತಿಕೊಂಡಾಗಲೂ ಅದಕ್ಕೆ ಅನುಮಾನ ಬರುತ್ತದೆ. ಉಬ್ಬರ ಇಳಿತದ ನಡುವೆ ನೀರು ನಿಂತ ಹೊತ್ತು, ಅದರ ಹಿಂದೆ ಮುಂದೆ ಒಂದಿಷ್ಟು ಸಮಯ, ಇದು ಜಿಗ್‌ನ ಹೊತ್ತು. ಸೆಳೆತ ಜೋರಾದರೆ ಹಟ ಮಾಡಬೇಡಿ. ಸೀಸದ ಗುಂಡು ಕಟ್ಟಿದ ಮಾಮೂಲಿ ಗಾಳಕ್ಕೆ ಬದಲಾಯಿಸಿಕೊಳ್ಳಿ.

ಆಕಾರವನ್ನೂ ನೋಡಿ. ತಲೆಯ ತಳ ಚಪ್ಪಟೆಯಾಗಿ, ದಾರ ಕಟ್ಟುವ ಕಣ್ಣು ಮೇಲಕ್ಕಿದ್ದರೆ ಜಿಗ್ ನೆಲದ ಮೇಲೆ ಕೂತಾಗ ಮುಳ್ಳು ಮೇಲ್ಮುಖವಾಗಿ ನಿಲ್ಲುತ್ತದೆ. ಕಲ್ಲಿಗೆ ಸಿಕ್ಕುವುದು ಕಡಿಮೆ. ಏಡಿಯೂ ತಲೆ ತಗ್ಗಿಸಿ ಮೇಯುತ್ತಿರುವ ಹಾಗೆ ಕಾಣುತ್ತದೆ.

ಏಡಿ

ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಸಿರು ಏಡಿ. ಯುರೋಪಿನಿಂದ 1800ರ ದಶಕದ ಆರಂಭದಲ್ಲಿ ಬಂದು ಬೀಡುಬಿಟ್ಟದ್ದು. ದಡದ ಕಲ್ಲು ಎತ್ತಿದರೆ ಸಿಗುವ ಪುಟ್ಟ ಏಷ್ಯನ್ ಏಡಿ ಇನ್ನೂ ಹೊಸಬ: 1988ರಲ್ಲಿ ನ್ಯೂಜೆರ್ಸಿಯ ಕೇಪ್ ಮೇ ಭಾಗದಲ್ಲಿ ಮೊದಲು ಕಂಡದ್ದು. ಎರಡೂ ಟಾಟಾಗ್‌ಗೆ ಇಷ್ಟ.

ಚುಚ್ಚುವುದು ಹೀಗೆ. ಅಡುಗೆಮನೆಯ ಗಟ್ಟಿ ಕತ್ತರಿ ತಗೊಳ್ಳಿ. ಮೊದಲು ಎರಡು ಇಕ್ಕಳ ಕತ್ತರಿಸಿ, ಇಲ್ಲದಿದ್ದರೆ ಬೆರಳಿಗೆ ಕಷ್ಟ. ಆಮೇಲೆ ಕಾಲುಗಳನ್ನು ಬುಡದಲ್ಲಿ ಕತ್ತರಿಸಿ. ಕಾಲಿದ್ದರೆ ಏಡಿ ಕಲ್ಲು ಹಿಡಿದುಕೊಳ್ಳುತ್ತದೆ, ಚಿಲ್ಲರೆ ಮೀನುಗಳು ಕಾಲೆಳೆದೇ ಏಡಿಯನ್ನು ಖಾಲಿ ಮಾಡುತ್ತವೆ. ಕತ್ತರಿಸಿದ ಬುಡದಿಂದ ರಸ ಒಸರುತ್ತದಲ್ಲ, ಆ ವಾಸನೆಯೇ ಅರ್ಧ ಕೆಲಸ ಮಾಡುತ್ತದೆ. ದೊಡ್ಡ ಏಡಿಯಾದರೆ ಮುಂದಿನಿಂದ ಹಿಂದಕ್ಕೆ ಎರಡು ಹೋಳು. ಮುಳ್ಳನ್ನು ಒಂದು ಕಾಲಿನ ತೂತಿನಿಂದ ಒಳಹಾಕಿ ಇನ್ನೊಂದು ಕಾಲಿನ ತೂತಿನಿಂದ ಹೊರತೆಗೆಯಿರಿ. ಚಿಪ್ಪಿನ ಮೂಲಕ ಒತ್ತಿದರೆ ಅದು ಬಿರಿಯುತ್ತದೆ, ಮೀನು ಮೂಸುವ ಮೊದಲೇ ಉದುರುತ್ತದೆ. ಮುಳ್ಳಿನ ತುದಿ ಪೂರ್ತಿ ಹೊರಗಿರಬೇಕು. ನೀರು ತಣ್ಣಗಾಗಿ ಮೀನು ಸೋಮಾರಿಯಾದಾಗ ಮೇಲಿನ ಚಿಪ್ಪನ್ನೇ ಕಿತ್ತು ಹಾಕುವವರಿದ್ದಾರೆ. ವಾಸನೆ ಬೇಗ ಹರಡುತ್ತದೆ, ಆದರೆ ಕನ್ನರ್ ಎಂಬ ಕಳ್ಳ ಮೀನಿಗೂ ಹಬ್ಬ.

ಈಗ ಬಣ್ಣ

ನೀರು ಬೆಳಕನ್ನು ಸಮನಾಗಿ ಒಳಬಿಡುವುದಿಲ್ಲ. ಕೆಂಪು ಮೊದಲು ಸಾಯುತ್ತದೆ, ಹತ್ತು ಮೀಟರ್ ಇಳಿಯುವಷ್ಟರಲ್ಲಿ ಬಹುಪಾಲು ಹೋಗಿರುತ್ತದೆ. ಆಮೇಲೆ ಕಿತ್ತಳೆ. ಬಯಲು ಸಾಗರದಲ್ಲಾದರೆ ಕೊನೆಗೆ ಉಳಿಯುವುದು ನೀಲಿ. ಆದರೆ ಈ ದಡದ ನೀರಿನಲ್ಲಿ ಪಾಚಿ, ಕೊಳೆತ ಎಲೆಯ ಬಣ್ಣ ಎಲ್ಲ ಸೇರಿ ನೀಲಿಯನ್ನೂ ತಿಂದುಹಾಕುತ್ತವೆ. ಉಳಿಯುವುದು ಹಸಿರು.

ಇದರ ಪರಿಣಾಮ ನೋಡಿ. ಅಂಗಡಿಯ ದೀಪದಲ್ಲಿ ಹೊಳೆಯುವ ಸಾದಾ ಕಿತ್ತಳೆ ಬಣ್ಣ ಹತ್ತು ಮೀಟರ್ ಕೆಳಗೆ ಮಂಕು ಕಂದು. ಬಿಳಿ ಜಿಗ್ ತನ್ನ ಮೇಲೆ ಬಿದ್ದದ್ದನ್ನೇ ವಾಪಸ್ ಕೊಡುತ್ತದೆ, ಹಾಗಾಗಿ ಅಲ್ಲಿ ಅದು ತಿಳಿಹಸಿರು, ಆದರೂ ಎದ್ದು ಕಾಣುತ್ತದೆ. ನೇರಳೆ ಬಹುಮಟ್ಟಿಗೆ ಕಪ್ಪು.

ಹಾಗಾದರೆ ಕಿತ್ತಳೆ ಜಿಗ್ ಯಾಕೆ ಇಷ್ಟು ಮಾರಾಟವಾಗುತ್ತದೆ? ಅದರಲ್ಲಿ ಅನೇಕವು ಸಾದಾ ಬಣ್ಣವಲ್ಲ, ಫ್ಲೂರೊಸೆಂಟ್ ಬಣ್ಣ. ಈ ಬಣ್ಣ ತನ್ನ ಮೇಲೆ ಬಿದ್ದ ನೀಲಿ, ಹಸಿರು ಬೆಳಕನ್ನು ಹೀರಿಕೊಂಡು ಕಿತ್ತಳೆ ಬೆಳಕಾಗಿ ಹೊರಬಿಡುತ್ತದೆ. ಮೇಲಿನಿಂದ ಕೆಂಪು ಬೆಳಕು ಬರದಿದ್ದರೂ ಅದು ಕೆಳಗೆ ಬೆಳಗುತ್ತದೆ. ಆ ಕಿತ್ತಳೆ ಬೆಳಕು ನೀರಿನಲ್ಲಿ ದೂರ ಹೋಗುವುದಿಲ್ಲ ನಿಜ. ಮೀನು ಏಡಿಯನ್ನು ನೋಡುವುದು ಒಂದೆರಡು ಅಡಿ ದೂರದಿಂದ, ಅಷ್ಟಕ್ಕೆ ಸಾಕು. ಕೊಳ್ಳುವಾಗ ಪರೀಕ್ಷೆ ಸುಲಭ: ಯುವಿ ಟಾರ್ಚ್ ಬಿಡಿ. ಫ್ಲೂರೊಸೆಂಟ್ ಆದರೆ ಉರಿದಂತೆ ಹೊಳೆಯುತ್ತದೆ, ಸಾದಾ ಬಣ್ಣ ಸುಮ್ಮನಿರುತ್ತದೆ.

ಗ್ಲೋ ಬಣ್ಣ ಬೇರೆಯದೇ ಜಾತಿ. ಅದು ಬೆಳಕನ್ನು ಕೂಡಿಟ್ಟುಕೊಂಡು ಕತ್ತಲಲ್ಲಿ ಬಿಡುತ್ತದೆ. ಟಾರ್ಚ್ ಹಿಡಿದು ತುಂಬಿಸಬೇಕು, ಹೊಳಪು ಬೇಗ ಇಳಿಯುತ್ತದೆ. ಆಳದ ಹಡಗಿನ ಅವಶೇಷ, ಮೋಡದ ದಿನ, ಕದಡಿದ ನೀರು ಇದ್ದಾಗ ಉಪಯೋಗ. ಆಳವಿಲ್ಲದ ತಿಳಿ ನೀರಿನಲ್ಲಿ ಅದಕ್ಕೆ ದುಡ್ಡು ಹಾಕುವುದು ದಂಡ.

ಇನ್ನು ಹಿನ್ನೆಲೆ. ಬೀಳುತ್ತಿರುವ ಜಿಗ್ ಅನ್ನು ಕೆಳಗಿನಿಂದ ನೋಡುವ ಮೀನಿಗೆ ಕಾಣುವುದು ಬರೀ ಕಪ್ಪು ಆಕೃತಿ, ಬಣ್ಣಕ್ಕೆ ಅಲ್ಲಿ ಕೆಲಸವೇ ಇಲ್ಲ. ತಳದಲ್ಲಿ ಕೂತ ಮೇಲೆ ಹಿಂದಿರುವುದು ಕಡುಬಣ್ಣದ ಕಲ್ಲು, ಪಾಚಿ. ಅಲ್ಲಿ ಬಿಳಿ ಅಥವಾ ಫ್ಲೂರೊಸೆಂಟ್ ಕಿತ್ತಳೆ ಎದ್ದು ಕಾಣುತ್ತದೆ, ಕಂದು ಮರೆಯಾಗುತ್ತದೆ. ಮರೆಯಾಗುವುದೂ ಕೆಲವೊಮ್ಮೆ ಒಳ್ಳೆಯದೇ. ನೀರು ತಿಳಿಯಾಗಿ, ಬಿಸಿಲು ಚುರುಕಾಗಿ, ಆ ಜಾಗದಲ್ಲಿ ದಿನವೂ ದೋಣಿಗಳು ನಿಲ್ಲುತ್ತಿದ್ದರೆ ನಾನು ಕಂದು ಅಥವಾ ಕಡುಹಸಿರು ಜಿಗ್ ಹಾಕುತ್ತೇನೆ. ಏಡಿ ಮಾತ್ರ ಕಾಣಲಿ. ಗಾಳಿ ಬೀಸಿ ನೀರು ಕದಡಿದ್ದರೆ ಕಿತ್ತಳೆ. ಪೆಟ್ಟಿಗೆಯಲ್ಲಿ ಈ ಎರಡು ಬಣ್ಣ, ಮೂರು ತೂಕ ಇದ್ದರೆ ಮೊದಲ ವರ್ಷಕ್ಕೆ ಧಾರಾಳ. ಕಲ್ಲಿಗೆ ತಾಗಿ ಬಣ್ಣ ಹೇಗೂ ಕಿತ್ತುಹೋಗುತ್ತದೆ, ಅರ್ಧ ಕಿತ್ತ ಜಿಗ್ ಕೂಡ ಮೀನು ಹಿಡಿಯುತ್ತದೆ.

ನಂಬಿಕೆ ಬರದಿದ್ದರೆ ಪಕ್ಕದವರ ಜೊತೆ ಪರೀಕ್ಷೆ ಮಾಡಿ. ಒಂದೇ ದೋಣಿ, ಒಂದೇ ತೂಕ, ಒಂದೇ ಗಾತ್ರದ ಏಡಿ, ಬಣ್ಣ ಮಾತ್ರ ಬೇರೆ. ಸ್ವಲ್ಪ ಹೊತ್ತಾದ ಮೇಲೆ ಬಣ್ಣ ಅದಲು ಬದಲು ಮಾಡಿಕೊಳ್ಳಿ. ಮೀನು ಬಣ್ಣದ ಹಿಂದೆ ಹೋಯಿತೋ, ಕೂತ ಜಾಗದ ಹಿಂದೆಯೋ ಆಗ ತಿಳಿಯುತ್ತದೆ. ಒಂದೇ ಮೀನು ನೋಡಿ ತೀರ್ಮಾನಿಸಬೇಡಿ.

ಕೈ

ಜಿಗ್ ಅಂದ ಕೂಡಲೇ ಎತ್ತಿ ಇಳಿಸಿ ಕುಣಿಸಬೇಕು ಅಂದುಕೊಳ್ಳುತ್ತಾರೆ. ಇಲ್ಲಿ ಅದು ಬೇಡ. ತಳಕ್ಕೆ ಬಿಡಿ, ದಾರದ ಸಡಿಲ ತೆಗೆಯಿರಿ, ಆಮೇಲೆ ಅಲ್ಲಾಡಿಸದೆ ಹಿಡಿಯಿರಿ. ದಾರ ನೆಟ್ಟಗಿರಬೇಕು, ಜಿಗ್ ಮೇಲೇಳಬಾರದು. ದೋಣಿ ತೂಗಿದಾಗ ಕೋಲಿನ ತುದಿಯಿಂದ ಸರಿದೂಗಿಸಿ. ಇದಕ್ಕೆ ಹಿಗ್ಗದ ಹೆಣೆದ ದಾರವೇ ಸರಿ, ತುದಿಗೆ ಕಲ್ಲಿನ ಉಜ್ಜು ತಡೆಯುವ ದಪ್ಪ ದಾರದ ತುಂಡು, ಅಂದರೆ ಲೀಡರ್.

ಮೊದಲು ಬರುವುದು ಸಣ್ಣ ಟಕ್. ಅದು ಮುಂದಿನ ಹಲ್ಲು. ಕೈ ತಡೆಯಿರಿ. ಆಮೇಲೆ ದಾರಕ್ಕೆ ಭಾರ ಬರುತ್ತದೆ, ಇಲ್ಲವೇ ದಾರ ಪಕ್ಕಕ್ಕೆ ಸರಿಯುತ್ತದೆ. ಈಗ ಏಡಿ ಗಂಟಲ ಕಡೆ ಹೊರಟಿದೆ. ಕೋಲನ್ನು ಮೇಲಕ್ಕೆ ಎತ್ತಿ, ಕೂಡಲೇ ರೀಲ್ ಸುತ್ತಿ. ಮೊದಲ ಎರಡು ಮೀಟರ್ ನಿಮ್ಮದಾಗಬೇಕು. ಮೀನು ಸಂದಿಗೆ ಹೊಕ್ಕಿತೋ, ದಾರ ಹೋಯಿತು. ಟಕ್ ಟಕ್ ಅಂತ ಪುಟಪುಟ ಬಡಿತ ನಿಲ್ಲದೆ ಬರುತ್ತಿದ್ದರೆ ಅದು ಕನ್ನರ್. ಏಡಿ ಬದಲಿಸಿ.

ಹೊರಡುವ ಮೊದಲು

ಈ ಮೀನು ನಿಧಾನ ಬೆಳೆಯುತ್ತದೆ, 30 ವರ್ಷ ದಾಟಿ ಬದುಕಬಲ್ಲದು. 2015ರ ಜನವರಿಯಲ್ಲಿ ಮೇರಿಲ್ಯಾಂಡ್‌ನ ಓಷನ್ ಸಿಟಿಯಲ್ಲಿ ಸಿಕ್ಕ ದಾಖಲೆಯ ಟಾಟಾಗ್ ತೂಗಿದ್ದು ಸುಮಾರು 13 ಕೆ.ಜಿ. ಬೆಳವಣಿಗೆ ಇಷ್ಟು ನಿಧಾನ ಆದ್ದರಿಂದಲೇ ಹಿಡಿಯುವ ಮೀನಿನ ಅಳತೆ, ಸಂಖ್ಯೆ, ತಿಂಗಳು ಎಲ್ಲಕ್ಕೂ ಕಟ್ಟುನಿಟ್ಟು. ಕನಿಷ್ಠ ಉದ್ದ 15-16 ಇಂಚಿನ ಆಸುಪಾಸು, ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಯಾ ರಾಜ್ಯದ ಆ ವರ್ಷದ ನಿಯಮ ನೋಡಿಯೇ ಹೊರಡಿ.

ಏಡಿಯನ್ನು ಬಕೆಟ್ ತುಂಬ ನಲ್ಲಿ ನೀರಿನಲ್ಲಿ ಹಾಕಿಡಬೇಡಿ, ಸತ್ತುಹೋಗುತ್ತದೆ. ಸಮುದ್ರದ ನೀರಿನಲ್ಲಿ ಅದ್ದಿದ ಗೋಣಿ ಬಟ್ಟೆ ಹೊದಿಸಿ ತಣ್ಣಗಿಟ್ಟರೆ ಕೆಲವು ದಿನ ಇರುತ್ತದೆ. ಉಳಿದ ಹಸಿರು ಏಡಿಯನ್ನು ಜೀವಂತವಾಗಿ ಬೇರೆ ದಡದಲ್ಲಿ ಬಿಡಬೇಡಿ. ಮುಂದಿನ ಸಲಕ್ಕೆ ಫ್ರೀಜರ್‌ಗೆ ಹಾಕಿ.