ಪದ ಪರಿಚಯ: ಕಾಪರ್ ಫೌಲಿಂಗ್

ರೈಫಲ್ ನಳಿಗೆಯ ಒಳಮೈಗೆ ಗುಂಡಿನ ತಾಮ್ರ ಅಂಟಿಕೊಳ್ಳುವುದಕ್ಕೆ ಕಾಪರ್ ಫೌಲಿಂಗ್ ಅನ್ನುತ್ತಾರೆ. ನಳಿಗೆಯೊಳಗೆ ಸುರುಳಿಯಾಗಿ ಸಾಗುವ ಗೀರುಗಳಿರುತ್ತವೆ. ಗುಂಡು ಅವನ್ನು ಕಚ್ಚಿಕೊಂಡು ತಿರುಗುತ್ತಾ ಹೊರಡುವಾಗ ಮೈಯ ಲೋಹ ಚೂರು ಸವೆದು ಅಲ್ಲೇ ಉಳಿಯುತ್ತದೆ. ಒಂದೆರಡು ಗುಂಡಿಗೆ ಏನೂ ಗೊತ್ತಾಗುವುದಿಲ್ಲ. ಪದರದ ಮೇಲೆ ಪದರ ಕೂತರೆ ಗುರಿ ಚದುರಲು ಶುರುವಾಗುತ್ತದೆ.

ಗುಂಡಿಗೆ ತಾಮ್ರ ಯಾಕೆ ಬಂತು? ಮೊದಲು ಇದ್ದದ್ದು ಬರೀ ಸೀಸದ ಗುಂಡು. 1882ರಲ್ಲಿ ಸ್ವಿಟ್ಜರ್‌ಲೆಂಡಿನ ಎಡ್ವರ್ಡ್ ರೂಬಿನ್ ಸೀಸಕ್ಕೆ ತಾಮ್ರದ ಕವಚ ತೊಡಿಸಿದರು. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಬಂತು. ಅದರ ವೇಗಕ್ಕೆ ಮೆತ್ತನೆಯ ಸೀಸ ತಡೆಯಲಿಲ್ಲ, ಹಾಗಾಗಿ ಕವಚ ಬೇಕೇ ಬೇಕಾಯಿತು. ಆಮೇಲೆ ಕೆಲವು ಕಾಲ ತಾಮ್ರಕ್ಕೆ ನಿಕ್ಕಲ್ ಬೆರೆಸಿದ ಕವಚ ಬಳಸಿದರು. ಅದು ನಳಿಗೆಯಲ್ಲಿ ಗಂಟುಗಂಟಾಗಿ ಅಂಟುತ್ತಿತ್ತು. ಅಮೆರಿಕದ ಸೈನಿಕರು ನಳಿಗೆಯೊಳಕ್ಕೆ ಅಮೋನಿಯಾ ದ್ರಾವಣ ಸುರಿದು ಅದನ್ನು ಕರಗಿಸುತ್ತಿದ್ದರು. ಈಗಿನ ಕವಚದಲ್ಲಿ ಸಾಮಾನ್ಯವಾಗಿ ನೂರಕ್ಕೆ 90ರಿಂದ 95 ಭಾಗ ತಾಮ್ರ, ಉಳಿದದ್ದು ಸತು. ಕಾಟ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ತೆಗೆಯುವ ಔಷಧವೂ ಹೆಚ್ಚುಕಡಿಮೆ ಅದೇ, ಅಮೋನಿಯಾ ಅಥವಾ ಅದರ ನೆಂಟರಾದ ಅಮೈನ್‌ಗಳು. ಹುಣಸೆಹಣ್ಣು ತಾಮ್ರದ ಚೊಂಬಿನ ಕಿಲುಬನ್ನಷ್ಟೇ ತೆಗೆದು ತಾಮ್ರವನ್ನು ಉಳಿಸುತ್ತದೆ. ಇಲ್ಲಿ ತಾಮ್ರವೇ ಹೋಗಬೇಕು, ಉಕ್ಕು ಉಳಿಯಬೇಕು. ಗಾಳಿಯ ಆಮ್ಲಜನಕದ ಜೊತೆ ಸೇರಿ ಅಮೋನಿಯಾ ತಾಮ್ರವನ್ನು ಕರಗಿಸುತ್ತದೆ, ದ್ರವ ಕಡುನೀಲಿಯಾಗುತ್ತದೆ. ನಳಿಗೆಯೊಳಗೆ ತೂರಿಸಿದ ಚಿಂದಿ ಬಟ್ಟೆ ನೀಲಿಯಾಗಿ ಹೊರಬಂದರೆ ಒಳಗೆ ತಾಮ್ರ ಇದೆ ಅಂತ ಅರ್ಥ.

ಈ ನೀಲಿಯನ್ನು ಸುಮ್ನೆ ನಂಬಬಾರದು. ನಳಿಗೆ ಉಜ್ಜುವ ಕಡ್ಡಿಗೆ ಬಟ್ಟೆ ಸಿಕ್ಕಿಸುವ ತುದಿ ಹಿತ್ತಾಳೆಯದಾಗಿದ್ದರೆ ಅದೂ ಕರಗಿ ಬಟ್ಟೆಯನ್ನು ನೀಲಿ ಮಾಡುತ್ತದೆ. ಕಂಚಿನ ಬ್ರಷ್ ಕೂಡ ಹಾಗೇ. ನೈಲಾನ್ ಬ್ರಷ್, ನಿಕ್ಕಲ್ ಲೇಪದ ತುದಿ ಬಳಸಿದರೆ ಈ ಗೊಂದಲ ಇಲ್ಲ.

ಕೋವಿ ಖಾಲಿ ಇದೆಯಾ ಅಂತ ನೋಡಿಕೊಂಡೇ ಕೆಲಸ ಶುರು ಮಾಡಬೇಕು. ಮೊದಲು ಮದ್ದಿನ ಮಸಿ ತೆಗೆಯಿರಿ. ಮಸಿ ಮುಚ್ಚಿದ್ದರೆ ದ್ರಾವಣ ತಾಮ್ರಕ್ಕೆ ತಾಗುವುದೇ ಇಲ್ಲ. ಸಾಧ್ಯವಿದ್ದರೆ ಕಡ್ಡಿಯನ್ನು ಹಿಂದಿನಿಂದ ತೂರಿಸಿ, ಗುಂಡು ಹೊರಬರುವ ಬಾಯಂಚು ಸವೆದರೆ ಗುರಿಯೇ ಕೆಡುತ್ತದೆ. ಅಮೋನಿಯಾ ದ್ರಾವಣವನ್ನು ಬಾಟಲಿಯ ಮೇಲೆ ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಬಿಡಬೇಡಿ. ಕಿಟಕಿ ತೆರೆದಿರಲಿ. ಬ್ಲೀಚ್ ಹತ್ತಿರವೂ ಬರಬಾರದು, ಎರಡೂ ಸೇರಿದರೆ ವಿಷಾನಿಲ ಬರುತ್ತದೆ. ಕೊನೆಗೆ ಒಣಬಟ್ಟೆ, ತೆಳುವಾಗಿ ಎಣ್ಣೆ.

ಎಲ್ಲರಿಗೂ ಈ ಬಾಟಲಿ ಬೇಕಿಲ್ಲ. ಏರ್ ರೈಫಲ್‌ನ ಪೆಲೆಟ್ ಸಾಮಾನ್ಯವಾಗಿ ಸೀಸದ್ದು, ಸ್ಪರ್ಧೆಯ .22 ಗುಂಡೂ ಸೀಸದ್ದೇ. ಕೊಡಗಿನ ಮನೆಗಳ ತೋಟಾಕೋವಿಯಲ್ಲೂ ಹೆಚ್ಚಾಗಿ ಉಳಿಯುವುದು ಸೀಸ, ಮಸಿ, ಪ್ಲಾಸ್ಟಿಕ್. ತಾಮ್ರ ತೆಗೆಯುವ ದ್ರಾವಣ ಅಲ್ಲಿ ದುಡ್ಡು ದಂಡ, ಅಲ್ವಾ?

ತಾಮ್ರದ ಕವಚದ ಗುಂಡು ಹಾಕುವ ರೈಫಲ್‌ನಲ್ಲೂ, ಪ್ರತಿ ಸಲ ಕೊನೆಯ ಚೂರು ಹೋಗುವವರೆಗೆ ಉಜ್ಜುವುದು ನನಗೆ ಅತಿ ಅನ್ನಿಸುತ್ತದೆ. ಗುರಿ ಚದುರಿದಾಗ ತೆಗೆದರೆ ಸಾಕು. ಪೂರ್ತಿ ತೊಳೆದ ನಳಿಗೆಯಿಂದ ಮೊದಲ ಕೆಲವು ಗುಂಡು ಅತ್ತಿತ್ತ ಬೀಳುವುದೂ ಉಂಟು. ಅದಕ್ಕೇ ಅನೇಕ ಸ್ಪರ್ಧಿಗಳು ಲೆಕ್ಕಕ್ಕಿಲ್ಲದ ಕೆಲವು ಗುಂಡು ಹೊಡೆದು, ತೆಳುಪದರ ಕೂತ ಮೇಲೆಯೇ ನಿಜವಾದ ಗುರಿಗೆ ಕೈಹಾಕುತ್ತಾರೆ.