ಪೆನ್ ಕೇಳಿದರೆ ‘ಬೆನ್ ಯಾರು?’ ಎಂದರು: ಚೀನೀ ಮಾತಿನ ಗೆಳೆಯರೊಂದಿಗೆ ಇಂಗ್ಲಿಷ್ ಅಭ್ಯಾಸದ ಟಿಪ್ಪಣಿ

ಸಿಂಗಪುರದ ಒಂದು ಗ್ರಂಥಾಲಯದಲ್ಲಿ ಶನಿವಾರ ಬೆಳಿಗ್ಗೆ ನಾವು ಐದಾರು ಜನ ಒಂದೇ ಮೇಜಿನ ಸುತ್ತ ಕೂರುತ್ತೇವೆ. ನಾನು ಮೈಸೂರಿನವಳು. ಉಳಿದವರು ಚೀನಾದ ಬೇರೆ ಬೇರೆ ಪ್ರಾಂತ್ಯಗಳಿಂದ ಓದಲು ಬಂದ ಹುಡುಗ ಹುಡುಗಿಯರು. ಅವರಿಗೆ ಇಂಗ್ಲಿಷ್ ಮಾತು ಸರಾಗವಾಗಬೇಕು. ನನಗೆ ಕಲಿಸುವುದನ್ನು ಕಲಿಯಬೇಕು, ಏಕೆಂದರೆ ಇಂಗ್ಲಿಷ್ ಹೇಳಿಕೊಡುವ ಸಣ್ಣ ಕೋರ್ಸೊಂದಕ್ಕೆ ಸೇರಿದ್ದೇನೆ. ಅದೇ ದಾರಿಯಲ್ಲಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಈ ಟಿಪ್ಪಣಿ.

ಕೋರ್ಸಿನಲ್ಲಿ ‘ಚೀನೀ ಕಲಿಕಾರ್ಥಿಗಳ ಸಾಮಾನ್ಯ ತಪ್ಪುಗಳು’ ಎಂಬ ಪಟ್ಟಿ ಕೊಟ್ಟಿದ್ದರು. ಅದನ್ನು ಇಂಗ್ಲಿಷಿನ ಅಂಗಳದಲ್ಲಿ ನಿಂತು ಬರೆದಿದ್ದಾರೆ. ನಮ್ಮ ಜಗಲಿಯಲ್ಲಿ ಕುಳಿತು ಅದೇ ಪಟ್ಟಿಯನ್ನು ಓದಿದಾಗ ಅರ್ಧದಷ್ಟು ತಪ್ಪುಗಳು ನಮ್ಮ ಮನೆಯವೇ ಎಂದು ಗೊತ್ತಾಯಿತು. ಇನ್ನು ಕೆಲವು ಕಡೆ ತಪ್ಪು ಅವರದಲ್ಲ, ನನ್ನದು.

ಒಂದು ಸೂಚನೆ: ಚೀನೀ ಪದಗಳನ್ನು ರೋಮನ್ ಕಾಗುಣಿತ ನೋಡಿ ಬರೆದಿಲ್ಲ, ಕಿವಿಗೆ ಬಿದ್ದಂತೆ ಬರೆದಿದ್ದೇನೆ. ಕಾರಣ ಮುಂದಿನ ಭಾಗದಲ್ಲಿದೆ.

ಉಸಿರಿನ ಲೆಕ್ಕ

ಮೊದಲ ದಿನವೇ ಪಕ್ಕದ ಹುಡುಗಿಯನ್ನು ಪೆನ್ ಕೇಳಿದೆ. ಅವಳು ಸುತ್ತ ನೋಡಿ, ‘ಬೆನ್ ಯಾರು?’ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ತಮಾಷೆ ಎಂದುಕೊಂಡೆ. ಆಮೇಲೆ ‘ಟೈಮ್’ ಎಂದದ್ದು ‘ಡೈಮ್’ ಆಯಿತು, ‘ಕೋಟ್’ ಎಂದದ್ದು ‘ಗೋಟ್’ ಆಯಿತು. ಅಂಗಿಯ ಮೇಲೆ ಹಾಕುವುದು ಆಡಾದಾಗ ನಗು ನಿಂತು ಯೋಚನೆ ಶುರುವಾಯಿತು.

ವಿಷಯ ಹೀಗಿದೆ. ಕನ್ನಡದಲ್ಲಿ ಪ, ಫ, ಬ, ಭ ಎಂದು ನಾಲ್ಕು ಮನೆಗಳಿವೆ. ಚೀನಾದ ಮಾನಕ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಎರಡೇ: ಉಸಿರಿಲ್ಲದ ಪ ಮತ್ತು ಉಸಿರು ತುಂಬಿದ ಪ. ನಮ್ಮ ಬ ಅಲ್ಲಿ ಇಲ್ಲವೇ ಇಲ್ಲ. 1958ರಲ್ಲಿ ಜಾರಿಗೆ ಬಂದ ಅಧಿಕೃತ ರೋಮನ್ ಲಿಪಿಕ್ರಮದಲ್ಲಿ ಉಸಿರಿಲ್ಲದ ಪಕಾರಕ್ಕೆ ಇಂಗ್ಲಿಷಿನ ಬಿ ಅಕ್ಷರವನ್ನು ಕೊಟ್ಟರು. ಹಾಗಾಗಿ ನಾವು ಬೀಜಿಂಗ್ ಎಂದು ಓದುವ ಊರು ಅವರ ಬಾಯಲ್ಲಿ ಹೆಚ್ಚುಕಡಿಮೆ ‘ಪೆಯ್‌ಚಿಂಗ್’. ಇತ್ತ ಇಂಗ್ಲಿಷಿನವರು ಪದದ ಆರಂಭದ ಪ, ಟ, ಕಗಳನ್ನು ಉಸಿರು ಸೇರಿಸಿಯೇ ಹೇಳುತ್ತಾರೆ. ನಾವು ‘ಪೆನ್’ ಎನ್ನುವಾಗ ಆ ಉಸಿರು ಬಿಡುವುದಿಲ್ಲ. ಉಸಿರಿನ ಮೇಲೆಯೇ ವಿಂಗಡಿಸುವ ಚೀನೀ ಕಿವಿ ನಮ್ಮ ‘ಪೆನ್’ ಅನ್ನು ನೇರವಾಗಿ ‘ಬೆನ್’ ಪೆಟ್ಟಿಗೆಗೆ ಹಾಕುತ್ತದೆ.

ಅಭ್ಯಾಸ ಸುಲಭ. ತೆಳುವಾದ ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಹಿಡಿದು ‘ಪೆನ್’, ‘ಟೀ’, ‘ಕೀ’ ಎನ್ನಬೇಕು. ಕಾಗದ ಅಲುಗಬೇಕು. ಅವರ ಕಾಗದ ಹಾರಿತು, ನನ್ನದು ಕಲ್ಲಿನಂತೆ ನಿಂತಿತ್ತು. ಕಲಿಸುವವಳು ಫೇಲಾದ ಏಕೈಕ ಪರೀಕ್ಷೆ ಇದೆಂದು ಹೇಳಿದರೆ ಸುಳ್ಳಾಗುತ್ತದೆ, ಮುಂದೆ ಇನ್ನೂ ಇವೆ.

ಪದದ ಕೊನೆಗೆ ಬಂದರೆ ಆಟ ತಿರುಗುತ್ತದೆ. ಮ್ಯಾಂಡರಿನ್ ಪದಗಳು ಸ್ವರದಲ್ಲಿ ಮುಗಿಯಬೇಕು, ಇಲ್ಲವೇ ನ್, ಙ್, ಕೆಲವೊಮ್ಮೆ ರ್. ಬೇರೆ ವ್ಯಂಜನಕ್ಕೆ ಬಾಗಿಲು ಮುಚ್ಚಿದೆ. ಆದ್ದರಿಂದ ‘ಬ್ಯಾಗ್’ ಮತ್ತು ‘ಬ್ಯಾಕ್’ ಒಂದೇ ಆಗುತ್ತವೆ, ಅಥವಾ ಕೊನೆಗೊಂದು ಅಸ್ಪಷ್ಟ ಅಕಾರ ಅಂಟಿಕೊಳ್ಳುತ್ತದೆ. ನಮಗೆ ನಗುವ ಹಕ್ಕಿಲ್ಲ. ಬಸ್ಸು, ಕಾರು, ಪೆನ್ನು, ಬ್ಯಾಗು ಎಂದು ಉಕಾರ ಅಂಟಿಸಿ ತಲೆಮಾರುಗಳನ್ನು ಕಳೆದವರು ನಾವು. ಇಲ್ಲಿ ನನಗೆ ಒದಗಿದ್ದು ಶಾಲೆಯ ಸಂಧಿ ಪಾಠ. ಒಂಟಿಯಾಗಿ ‘ಬ್ಯಾಗ್’ ಹೇಳಿಸುವ ಬದಲು ಸ್ವರದಿಂದ ಶುರುವಾಗುವ ಪದ ಜೋಡಿಸಿ ‘ಬ್ಯಾಗಿಸೋಪನ್’ ಎಂದು ಒಂದೇ ಉಸಿರಿನಲ್ಲಿ ಹೇಳಿಸುತ್ತೇನೆ. ವ್ಯಂಜನ ಮುಂದಿನ ಸ್ವರದ ಮಡಿಲಿಗೆ ಬಿದ್ದರೆ ಉಳಿಯುತ್ತದೆ. ಎರಡು ವಾರ ಹೀಗೆ ಮಾಡಿ, ಆಮೇಲೆ ಬಿಡಿಸಿ ಹೇಳಿಸಿ.

ವಕಾರದ ಬಗ್ಗೆ ಹೆಚ್ಚು ಹೇಳಲಾರೆ. ಇಂಗ್ಲಿಷಿನಲ್ಲಿ ದ್ರಾಕ್ಷಿಯ ಬಳ್ಳಿಗೂ ದ್ರಾಕ್ಷಿಯ ಮದ್ಯಕ್ಕೂ ಬೇರೆ ಬೇರೆ ವಕಾರಗಳಿವೆ. ನಾನು ಎರಡನ್ನೂ ‘ವೈನ್’ ಎಂದೇ ಬರೆಯಬೇಕು, ಅವರು ಎರಡನ್ನೂ ತುಟಿ ದುಂಡಗೆ ಮಾಡಿಯೇ ಹೇಳುತ್ತಾರೆ. ಕುರುಡರಿಬ್ಬರು ದಾರಿ ಕೇಳಿಕೊಂಡಂತೆ. ಅದಕ್ಕೆ ಒಳ್ಳೆಯ ಧ್ವನಿಮುದ್ರಣ ಹಾಕಿ ಇಬ್ಬರೂ ಕೇಳುವುದೇ ಮೇಲು.

‘ಥ್ಯಾಂಕ್ ಯು’ ಅವರಲ್ಲಿ ‘ಸಾನ್ ಖ ಯೋ’. ಅದನ್ನು ಚೀನೀ ಅಕ್ಷರಗಳಲ್ಲಿ ಬರೆದರೆ ‘ಮೂರು ಗ್ರಾಂ ಎಣ್ಣೆ’ ಎಂದು ಅರ್ಥ. ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆದುಕೊಂಡು ಓದಿದವರಿಗೆ ಇದು ಅರ್ಥವಾಗಲು ವಿವರಣೆ ಬೇಕಿಲ್ಲ.

ಪದಕೋಶದ ಮೊದಲ ಪದವೇ ‘ಕೈಬಿಡು’

ಈ ಹುಡುಗರ ಪದಸಂಪತ್ತು ಕಡಿಮೆ ಎಂದು ಭಾವಿಸಿ ಕೂರಬೇಡಿ. ಚೀನಾದಲ್ಲಿ ಸಾಮಾನ್ಯವಾಗಿ ಮೂರನೇ ತರಗತಿಯಿಂದ ಇಂಗ್ಲಿಷ್ ಇದೆ. ಕಾಲೇಜು ಪ್ರವೇಶದ ‘ಕಾವ್‌ಖಾವ್’ ಪರೀಕ್ಷೆಯ 750 ಅಂಕಗಳಲ್ಲಿ 150 ವಿದೇಶಿ ಭಾಷೆಗೆ ಮೀಸಲು. ಕಾಲೇಜಿಗೆ ಬಂದ ಮೇಲೆ 1987ರಲ್ಲಿ ಶುರುವಾದ ಇನ್ನೊಂದು ರಾಷ್ಟ್ರಮಟ್ಟದ ಇಂಗ್ಲಿಷ್ ಪರೀಕ್ಷೆ ಕಾದಿರುತ್ತದೆ. ಪದಗಳನ್ನು ಬಾಯಿಪಾಠ ಮಾಡುವುದಕ್ಕೆ ಅವರು ‘ಪೆಯ್’ ಎನ್ನುತ್ತಾರೆ, ಬೆನ್ನಿಗೆ ಬರೆಯುವ ಅಕ್ಷರವೇ ಅದಕ್ಕೂ. ನಮ್ಮ ಪಾಠ ಬಾಯಿಯಲ್ಲಿದ್ದರೆ ಅವರದು ಬೆನ್ನಿನಲ್ಲಿ. ಪರೀಕ್ಷೆಯ ಪದಪುಸ್ತಕಗಳು ಅಕಾರಾದಿಯಾಗಿರುವುದರಿಂದ ಮೊದಲ ಪದ ಬಹಳ ಸಲ ‘ಅಬ್ಯಾಂಡನ್’, ಅಂದರೆ ಕೈಬಿಡು. ಪುಸ್ತಕ ತೆರೆದೊಡನೆ ಬರುವ ಉಪದೇಶ ಇದು ಎಂದು ತಮ್ಮನ್ನು ತಾವೇ ನಕ್ಕುಕೊಳ್ಳುತ್ತಾರೆ.

ಇಷ್ಟೆಲ್ಲ ಕಲಿತರೂ ಬಾಯಿ ತೆರೆಯಲು ಹಿಂಜರಿಕೆ. ಈ ಸ್ಥಿತಿಗೆ ಅವರೇ ಇಟ್ಟ ಹೆಸರು ‘ಯಾಪಾ ಯಿಂಗ್ಯು’, ಮೂಕ ಇಂಗ್ಲಿಷ್. ಹೊಸ ಪದ ಕಲಿಸುವುದು ನನ್ನ ಕೆಲಸವಲ್ಲ ಎಂದು ಅರ್ಥವಾಗಲು ಒಂದು ತಿಂಗಳೇ ಬೇಕಾಯಿತು. ಇರುವ ಪದಗಳಿಗೆ ಸರಿಯಾದ ಜೊತೆ ಹುಡುಕಿಕೊಡಬೇಕಿತ್ತು.

ಉದಾಹರಣೆಗೆ ‘ಖಾಯ್’ ಎಂಬ ಕ್ರಿಯಾಪದ. ಅದರ ಮೂಲ ಅರ್ಥ ತೆರೆಯುವುದು. ಬಾಗಿಲನ್ನೂ ಖಾಯ್, ದೀಪವನ್ನೂ ಖಾಯ್, ಕಾರನ್ನೂ ಖಾಯ್, ಸಭೆಯನ್ನೂ ಖಾಯ್, ಹೂವು ಅರಳಿದರೂ ಖಾಯ್. ಅದಕ್ಕೇ ‘ಓಪನ್ ದ ಲೈಟ್’ ಎಂಬ ವಾಕ್ಯ ಹುಟ್ಟುತ್ತದೆ, ಸಿಂಗಪುರದ ಬೀದಿಯಲ್ಲೂ ಅದನ್ನು ಕೇಳಬಹುದು. ‘ಇದು ತಪ್ಪು, ಟರ್ನ್ ಆನ್ ಎನ್ನಬೇಕು’ ಎಂದು ಐದು ಸಲ ತಿದ್ದಿದೆ, ಪ್ರಯೋಜನವಾಗಲಿಲ್ಲ. ಆರನೆಯ ಸಲ ನಮ್ಮ ‘ಹಾಕು’ ನೆನಪಾಯಿತು. ದೀಪ ಹಾಕು ಎಂದರೆ ಉರಿಯಬೇಕು, ಬಾಗಿಲು ಹಾಕು ಎಂದರೆ ಮುಚ್ಚಬೇಕು. ಅಂಗಿ ಹಾಕು, ಬೀಗ ಹಾಕು, ಓಟು ಹಾಕು, ಲೆಕ್ಕ ಹಾಕು, ಕೋಳಿ ಮೊಟ್ಟೆ ಹಾಕುತ್ತದೆ. ಇದನ್ನು ಹೇಳಿದಾಗ ಮೇಜಿನ ಸುತ್ತ ಎಲ್ಲರೂ ನೆಟ್ಟಗೆ ಕುಳಿತರು. ಎರಡು ಭಾಷೆಯ ಎರಡು ಕ್ರಿಯಾಪದಗಳನ್ನು ಹಾಳೆಯ ನಡುವೆ ಬರೆದು, ಸುತ್ತ ಅವುಗಳ ಇಂಗ್ಲಿಷ್ ರೂಪಗಳನ್ನು ಜೇಡರಬಲೆಯಂತೆ ಹರಡಿದೆವು. ಅವತ್ತಿನಿಂದ ಪ್ರತಿ ವಾರ ಒಂದು ಕ್ರಿಯಾಪದ. ಪುಸ್ತಕ, ಟಿವಿ, ವೈದ್ಯರು, ಗೆಳೆಯರು ನಾಲ್ಕಕ್ಕೂ ಒಂದೇ ಆಗಿರುವ ‘ಖಾನ್’, ಅಂದರೆ ನೋಡು. ಸಾಲ ಕೊಟ್ಟರೂ ತೆಗೆದುಕೊಂಡರೂ ಒಂದೇ ಆಗಿರುವ ‘ಚ್ಯೆ’. ಇದರಲ್ಲಿ ಮಾತ್ರ ಎಚ್ಚರ: ‘ಬಾರೋ’ ಮತ್ತು ‘ಲೆಂಡ್’ ತಿರುಗಿದರೆ ಸಾಲಗಾರನೇ ಬದಲಾಗುತ್ತಾನೆ.

ಒಂದು ಸಂತೋಷದ ಸಂಗತಿ. ಪರೀಕ್ಷೆಗೆ, ಪಂದ್ಯಕ್ಕೆ ಹುರಿದುಂಬಿಸಲು ಅವರು ‘ಚ್ಯಾ ಯೋ’ ಎನ್ನುತ್ತಾರೆ, ಎಣ್ಣೆ ಹಾಕು ಎಂದು. ಅದರ ನೇರ ಇಂಗ್ಲಿಷ್ ರೂಪ ‘ಆ್ಯಡ್ ಆಯಿಲ್’ 2018ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು. ನಮ್ಮ ಕಡೆ ‘ಎಣ್ಣೆ ಹಾಕು’ ಎಂದರೆ ಬೇರೆಯೇ ಪಂದ್ಯ ಎಂಬುದನ್ನು ನಾನು ಅವರಿಗೆ ಹೇಳಿಲ್ಲ.

ಅವನು, ಅವಳು, ಅಣ್ಣ, ತಮ್ಮ

ಹಾರ್ಬಿನ್‌ನ ಹುಡುಗಿ ತನ್ನ ತಾಯಿಯ ಬಗ್ಗೆ ಹೇಳುವಾಗ ಮೊದಲು ‘ಶಿ’ ಎನ್ನುತ್ತಾಳೆ, ಮೂರನೇ ವಾಕ್ಯಕ್ಕೆ ಅಮ್ಮ ‘ಹಿ’ ಆಗಿರುತ್ತಾರೆ. ಅವಳಿಗೆ ವ್ಯತ್ಯಾಸ ಗೊತ್ತಿಲ್ಲವೆಂದಲ್ಲ. ಮ್ಯಾಂಡರಿನ್ ಮಾತಿನಲ್ಲಿ ಅವನು, ಅವಳು, ಅದು ಮೂರೂ ‘ಥಾ’. ಬರಹದಲ್ಲಿ ಮಾತ್ರ ಬೇರೆ ಬೇರೆ, ಅದೂ ಇತ್ತೀಚಿನದು. ‘ಅವಳು’ ಎಂಬುದಕ್ಕೆ ಪ್ರತ್ಯೇಕ ಅಕ್ಷರವನ್ನು 1920ರ ಆಸುಪಾಸಿನಲ್ಲಿ ಪ್ರಚಾರಕ್ಕೆ ತಂದ ಹೆಸರು ಕವಿ, ಭಾಷಾತಜ್ಞ ಲ್ಯೂ ಪಾನ್‌ನೊಂಗ್ ಅವರದು. ನಾವು ಕ್ರಿಯಾಪದದ ಬಾಲದಲ್ಲೂ ಲಿಂಗ ಹೊತ್ತು ತಿರುಗುವವರು, ‘ಬಂದನು, ಬಂದಳು, ಬಂದಿತು’ ಎಂದು. ಆದರೂ ಮರ್ಯಾದೆಯ ‘ಅವರು’ ಬಂದಾಗ ನಮ್ಮಲ್ಲೂ ಲಿಂಗ ಮಾಯ. ಅದನ್ನು ನೆನೆದರೆ ತಾಳ್ಮೆ ಬರುತ್ತದೆ. ಮಾತಿನ ನಡುವೆ ತಡೆದು ತಿದ್ದಿದರೆ ಕಥೆಯೇ ನಿಂತುಹೋಗುತ್ತದೆ. ನಾನು ಕುಟುಂಬದ ಫೋಟೊ ತರಿಸಿ, ಒಬ್ಬೊಬ್ಬರ ಮೇಲೂ ಬೆರಳಿಟ್ಟು ನಾಲ್ಕು ವಾಕ್ಯ ಹೇಳಿಸುತ್ತೇನೆ. ಬೆರಳು ಇರುವಷ್ಟು ಹೊತ್ತು ಸರ್ವನಾಮ ಜಾರುವುದಿಲ್ಲ.

ಅದೇ ಫೋಟೊ ಇನ್ನೊಂದು ಬಾಗಿಲು ತೆರೆಯಿತು. ‘ಇವನು ಬ್ರದರ್’ ಎಂದು ಸಿಚುವಾನ್‌ನ ಹುಡುಗ ಹೇಳಿದಾಗ ನಾನು ಅರಿವಿಲ್ಲದೆ ‘ಅಣ್ಣನೋ ತಮ್ಮನೋ?’ ಎಂದು ಯೋಚಿಸಿದೆ. ಅವನೂ ಅದೇ ಕಷ್ಟದಲ್ಲಿದ್ದ. ಅವರ ‘ಕಕ’ ನಮ್ಮ ಅಣ್ಣ, ‘ತೀತಿ’ ತಮ್ಮ. ‘ಪೊಪೊ’ ದೊಡ್ಡಪ್ಪ, ‘ಷುಷು’ ಚಿಕ್ಕಪ್ಪ, ‘ಚಿಯುಚಿಯು’ ಸೋದರಮಾವ, ‘ಕೂಕು’ ಸೋದರತ್ತೆ. ಇಂಗ್ಲಿಷ್ ಇಷ್ಟನ್ನೂ ಮೂರು ಪದಗಳಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತದೆ. ಅರ್ಧ ಗಂಟೆ ಇಂಗ್ಲಿಷನ್ನು ಒಟ್ಟಿಗೆ ಬೈದೆವು, ಇಂಗ್ಲಿಷಿನಲ್ಲಿಯೇ. ಅಷ್ಟು ಹೊತ್ತು ಯಾರೂ ಮೂಕರಾಗಿರಲಿಲ್ಲ. ಅಪರಿಚಿತ ಹಿರಿಯರನ್ನು ಅಂಕಲ್, ಆಂಟಿ ಎನ್ನುವುದು ಸಿಂಗಪುರದಲ್ಲಿ ಸಲ್ಲುತ್ತದೆ, ಲಂಡನ್ನಿನಲ್ಲಿ ಹುಬ್ಬೇರುತ್ತದೆ ಎಂಬುದನ್ನೂ ಸೇರಿಸಿದೆ.

ಕಾಲದ ವಿಷಯಕ್ಕೆ ಎರಡೇ ಮಾತು. ಅವರ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗದ ಕಾರಣ ‘ಯೆಸ್ಟರ್ಡೇ ಐ ಗೋ’. ನಮ್ಮ ‘ನಿನ್ನೆ ಹೋಗಿದ್ದೆ’ ತಲೆಯಲ್ಲಿ ಕುಳಿತಿರುವುದರಿಂದ ‘ಯೆಸ್ಟರ್ಡೇ ಐ ಹ್ಯಾಡ್ ಗಾನ್’. ಒಬ್ಬರು ಕಡಿಮೆ ಕೊಟ್ಟರೆ ಇನ್ನೊಬ್ಬರು ಹೆಚ್ಚು ಕೊಡುತ್ತಾರೆ. ‘ಎ’, ‘ದ’ಗಳನ್ನು ನಾನು ಕಲಿಸುವುದಿಲ್ಲ, ಎರಡು ಭಾಷೆಯಲ್ಲೂ ಅವು ಇಲ್ಲ, ನನಗೇ ಪೂರ್ತಿ ಒಲಿದಿಲ್ಲ.

ಊಟ ಆಯಿತೇ?

‘ಹೌ ಆರ್ ಯು?’ ಎಂದರೆ ಅವರಿಂದ ಬರುವ ಉತ್ತರ ಗಡಿಯಾರದ ಗಂಟೆಯಂತೆ: ‘ಫೈನ್, ಥ್ಯಾಂಕ್ ಯು, ಆ್ಯಂಡ್ ಯು?’ ಜ್ವರದಲ್ಲಿ ನಡುಗುತ್ತಿದ್ದರೂ ಅದೇ. ಬದಲಿಗೆ ‘ನಾಟ್ ಬ್ಯಾಡ್’, ‘ಎ ಬಿಟ್ ಟೈರ್ಡ್’, ‘ಬಿಸಿ ವೀಕ್’ ಎಂಬ ಮೂರು ಚೀಟಿ ಮಾಡಿ, ಎತ್ತಿದ ಚೀಟಿಯ ಮೇಲೆ ಮಾತು ಬೆಳೆಸಬೇಕೆಂಬ ನಿಯಮ ಮಾಡಿದೆ.

ಅವರ ಮನೆಮಾತಿನ ಕುಶಲಪ್ರಶ್ನೆ ‘ಛಿ ಲ ಮಾ?’, ಅಂದರೆ ಊಟ ಆಯಿತೇ? ನಮಗೆ ಇದರ ತೂಕ ಗೊತ್ತು. ಆಯಿತು ಎಂದರೆ ಮುಗಿಯಿತು, ಬಡಿಸಬೇಕಾಗಿಲ್ಲ. ಇಂಗ್ಲಿಷಿನವರನ್ನು ಹೀಗೆ ಕೇಳಿದರೆ ಊಟಕ್ಕೆ ಕರೆಯುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಬೀಳ್ಕೊಡುವಾಗ ಅವರು ‘ಮಾನ್ ತ್ಸೋ’, ನಿಧಾನವಾಗಿ ನಡೆಯಿರಿ ಎನ್ನುತ್ತಾರೆ, ನಾವು ಹೋಗಿ ಬನ್ನಿ ಎನ್ನುತ್ತೇವೆ. ಎರಡನ್ನೂ ಪದಶಃ ಇಂಗ್ಲಿಷಿಗೆ ತಂದರೆ ಕೇಳಿದವರು ತಮ್ಮ ಮೊಣಕಾಲು ನೋಡಿಕೊಳ್ಳುತ್ತಾರೆ. ‘ಟೇಕ್ ಕೇರ್’ ಸಾಕು. ಹೊಗಳಿದರೆ ‘ನಾಲಿ ನಾಲಿ’, ಎಲ್ಲಿ ಎಲ್ಲಿ ಎಂದು ತಳ್ಳಿಹಾಕುವುದು ಅವರ ವಿನಯ. ‘ಅಯ್ಯೋ, ಏನೂ ಚೆನ್ನಾಗಿಲ್ಲ’ ಎನ್ನುವುದು ನಮ್ಮದು. ಸುಮ್ಮನೆ ‘ಥ್ಯಾಂಕ್ ಯು’ ಎಂದು ಹೇಳಿ ನಿಲ್ಲಿಸುವುದು ಇಬ್ಬರಿಗೂ ಅಹಂಕಾರದಂತೆ ಕಾಣುತ್ತದೆ. ಇದನ್ನು ಜೋಡಿಯಾಗಿ ಅಭ್ಯಾಸ ಮಾಡಿದೆವು: ಒಬ್ಬರು ಹೊಗಳಬೇಕು, ಇನ್ನೊಬ್ಬರು ಥ್ಯಾಂಕ್ ಯು ಎಂದು ಬಾಯಿ ಮುಚ್ಚಬೇಕು. ಯಾರೂ ಮೊದಲ ಸುತ್ತಿನಲ್ಲಿ ಗೆಲ್ಲಲಿಲ್ಲ.

ಲಕ್ಷ, ವಾನ್, ಮಿಲಿಯನ್

ಅತಿ ಹೆಚ್ಚು ಸಮಯ ತಿಂದದ್ದು ಸಂಖ್ಯೆ. ಒಬ್ಬ ಹುಡುಗ ತನ್ನ ಓದಿನ ಒಟ್ಟು ಖರ್ಚು ಚೀನಾದ ಹಣದಲ್ಲಿ ‘ಥರ್ಟಿ ಥೌಸಂಡ್’ ಯುವಾನ್ ಎಂದ. ಇಷ್ಟು ಅಗ್ಗವೇ ಎಂದು ಆಶ್ಚರ್ಯಪಟ್ಟೆ. ಅವನ ಮನಸ್ಸಿನಲ್ಲಿದ್ದದ್ದು 30 ವಾನ್. ಒಂದು ವಾನ್ ಎಂದರೆ 10,000, ಆದ್ದರಿಂದ ಖರ್ಚು ಮೂರು ಲಕ್ಷ. ಇಂಗ್ಲಿಷ್ ಮೂರು ಮೂರು ಸೊನ್ನೆಗೆ ಹೆಸರು ಬದಲಿಸುತ್ತದೆ, ಚೀನೀ ಭಾಷೆ ನಾಲ್ಕು ನಾಲ್ಕಕ್ಕೆ, ನಾವು ಸಾವಿರದ ನಂತರ ಎರಡೆರಡಕ್ಕೆ. ಮೂವರೂ ತಮ್ಮದೇ ಮೊಳದಲ್ಲಿ ಬಟ್ಟೆ ಅಳೆದರೆ ಅಂಗಿ ಹೊಲಿಯುವುದು ಹೇಗೆ?

ನೆನಪಿಡಬೇಕಾದ ಸೇತುವೆಗಳು ಇವು. ಒಂದು ಲಕ್ಷ ಎಂದರೆ 10 ವಾನ್. ಒಂದು ಮಿಲಿಯನ್ ಎಂದರೆ 10 ಲಕ್ಷ, ಅಂದರೆ 100 ವಾನ್. ಒಂದು ಕೋಟಿ ಎಂದರೆ 1,000 ವಾನ್, ಅಂದರೆ 10 ಮಿಲಿಯನ್. ಹತ್ತು ಕೋಟಿಗೆ ಅವರಲ್ಲಿ ‘ಯಿ’ ಎಂಬ ಪ್ರತ್ಯೇಕ ಹೆಸರಿದೆ, ಇಂಗ್ಲಿಷಿನಲ್ಲಿ 100 ಮಿಲಿಯನ್. ನೂರು ಕೋಟಿ ಎಂದರೆ 10 ಯಿ, ಒಂದು ಬಿಲಿಯನ್. ಅಭ್ಯಾಸಕ್ಕೆ ಜನಸಂಖ್ಯೆ ಒಳ್ಳೆಯ ಸರಕು. 2011ರ ಜನಗಣತಿಯಲ್ಲಿ ಕರ್ನಾಟಕದ್ದು ಸುಮಾರು 6.1 ಕೋಟಿ: ಅವರಿಗೆ 6,100 ವಾನ್, ಇಂಗ್ಲಿಷಿನಲ್ಲಿ 61 ಮಿಲಿಯನ್. ಚೀನಾದ್ದು ಸುಮಾರು 140 ಕೋಟಿ: 14 ಯಿ, 1.4 ಬಿಲಿಯನ್.

ತಲೆಯಲ್ಲಿ ಪರಿವರ್ತಿಸಲು ಬಿಡಬೇಡಿ. ನಾನು ಇಂಗ್ಲಿಷಿನಲ್ಲಿ ಸಂಖ್ಯೆ ಓದುತ್ತೇನೆ, ಅವರು ಮೊದಲು ಬರಿಯ ಅಂಕಿಗಳನ್ನು ಬರೆಯಬೇಕು, ಬಲದಿಂದ ಮೂರು ಮೂರಕ್ಕೆ ಅಲ್ಪವಿರಾಮ ಹಾಕಬೇಕು, ಆಮೇಲೆ ತಿರುಗಿ ಓದಬೇಕು. ನಂತರ ಪಾಳಿ ಬದಲಾಗುತ್ತದೆ: ಅವರು ಓದುತ್ತಾರೆ, ನಾನು ಬರೆಯುತ್ತೇನೆ. ಕಳೆದ ಶನಿವಾರ ನಾನು 2.5 ಮಿಲಿಯನ್ ಎಂದು ಕೇಳಿ 2,50,000 ಎಂದು ಬರೆದೆ. ಹಾರ್ಬಿನ್‌ನ ಹುಡುಗಿ ನನ್ನ ಹಾಳೆಯನ್ನು ತನ್ನತ್ತ ಎಳೆದುಕೊಂಡು ಒಂದು ಸೊನ್ನೆ ಸೇರಿಸಿ, ಅಲ್ಪವಿರಾಮಗಳನ್ನು ಅಳಿಸಿ ಹೊಸದಾಗಿ ಹಾಕಿದಳು.