ಹೂಂಗುಟ್ಟುವುದು

ಪಿಸುಗುಟ್ಟು, ಗೊಣಗುಟ್ಟು, ವಟಗುಟ್ಟು. ಹೂಂಗುಟ್ಟು ಕೂಡ ಇದೇ ಮನೆತನದ ಪದ. ಕಥೆ ಕೇಳುವವರು ನಡುನಡುವೆ 'ಹೂಂ' ಅನ್ನುತ್ತಾ ಹೋಗುವುದೇ ಹೂಂಗುಟ್ಟುವುದು. ಒಪ್ಪಿದೆ ಅಂತೇನೂ ಅಲ್ಲ. 'ಕೇಳ್ತಾ ಇದೀನಿ, ಮುಂದೆ ಹೇಳು' ಅಂತ ಅಷ್ಟೇ.

ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಇದರ ಬೆಲೆ ಗೊತ್ತಾಗುತ್ತಿತ್ತು. ಎಲ್ಲರ ಕಣ್ಣೂ ಕತ್ತಿಯ ಮೇಲೆ. ಅತ್ತಿತ್ತ ನೋಡಿದರೆ ಬೆರಳು ಹೋಯಿತು. ಹಾಗಾಗಿ ಕಥೆ ಹೇಳುವ ಅಜ್ಜಿಗೆ ಹೂಂ ಒಂದೇ ಗುರುತು. ನನ್ನ ಹೂಂ ಎಳೆಯತೊಡಗಿದರೆ ಅಜ್ಜಿಗೆ ಅನುಮಾನ. "ಆಮೇಲೆ ಹುಲಿ ಸಾಗರದ ಬಸ್ಸು ಹತ್ತಿತಂತೆ" ಅನ್ನುತ್ತಿದ್ದರು. "ಹೂಂ" ಅಂದೆನೋ, ಸಿಕ್ಕಿಬಿದ್ದೆ. ಕಥೆ ತಲೆಗೆ ಹೋಗಿದೆಯಾ ಎಂದು ನೋಡಲು ಇದಕ್ಕಿಂತ ಒಳ್ಳೆ ಪರೀಕ್ಷೆ ನಾನು ಕಂಡಿಲ್ಲ.

ಭಾಷಾವಿಜ್ಞಾನದಲ್ಲಿ ಇದನ್ನು 'ಬ್ಯಾಕ್‌ಚಾನೆಲ್' ಅನ್ನುತ್ತಾರೆ. 1970ರಲ್ಲಿ ವಿಕ್ಟರ್ ಇಂಗ್ವೆ ಬಳಸಿದ ಹೆಸರು. ನಮ್ಮದೇ ಚೆನ್ನಾಗಿದೆ, ಅಲ್ವಾ?

2000ದಲ್ಲಿ ಕೆನಡಾದ ಜಾನೆಟ್ ಬಾವೆಲಾಸ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬರು ತಾವು ಕೂದಲೆಳೆಯಲ್ಲಿ ಪಾರಾದ ಕಥೆ ಹೇಳಬೇಕು. ಕೇಳುವವರಲ್ಲಿ ಕೆಲವರಿಗೆ ಕದ್ದುಮುಚ್ಚಿ ಬೇರೆ ಕೆಲಸ: ಇಂಗ್ಲಿಷಿನ 'ಟಿ' ಅಕ್ಷರದಿಂದ ಶುರುವಾಗುವ ಪದ ಬಂದಾಗಲೆಲ್ಲ ಗುಂಡಿ ಒತ್ತುವುದು. ಅವರ ಸ್ಪಂದನೆ ಕಮ್ಮಿಯಾಯಿತು. ಅದರಿಂದ ಕೆಟ್ಟದ್ದು ಹೇಳುವವರ ಕಥೆ! ಮೈ ಜುಮ್ಮೆನ್ನಬೇಕಾದ ಕೊನೆಯಲ್ಲೇ ಜಾಸ್ತಿ ತಡವರಿಸಿದರು.

ಪನಾಮಾದ ಕೂನ ಜನರಲ್ಲಿ ಹೂಂಗುಟ್ಟುವುದು ಒಂದು ಜವಾಬ್ದಾರಿಯೇ. ಅವರ ಭಾಷೆಯನ್ನು ಅಲ್ಲೇ ಇದ್ದು ಅಧ್ಯಯನ ಮಾಡಿದ ಜೋಯೆಲ್ ಶೆರ್ಜರ್ ಇದನ್ನು ವಿವರವಾಗಿ ಬರೆದಿದ್ದಾರೆ. ಊರ ಸಭೆಯಲ್ಲಿ ಒಬ್ಬ ಮುಖಂಡ ರಾಗವಾಗಿ ಹೇಳುತ್ತಾ ಹೋದರೆ, ಇನ್ನೊಬ್ಬ ಮುಖಂಡ ಸಾಲು ಮುಗಿದಾಗಲೆಲ್ಲ 'ತೆಕಿ' ಅನ್ನಬೇಕು. ಅಂದರೆ 'ಹೌದು, ಹಾಗೇ'.

ಭಾಷೆ ದಾಖಲಿಸಲು ಹೋದವರಿಗೆ ತೊಡಕಾಗುವುದೂ ಇಲ್ಲೇ. ಶಿವಮೊಗ್ಗ ಸುತ್ತಲಿನ ಹಕ್ಕಿಪಿಕ್ಕಿ ಕ್ಯಾಂಪಿಗೆ, ಅವರ ಭಾಷೆ ವಾಗ್ರಿ ಬಾರದ ನಾನು ರೆಕಾರ್ಡರ್ ಹಿಡಿದು ಹೋದೆ ಅಂದುಕೊಳ್ಳಿ. ಎಲ್ಲಿ ಹೂಂ ಅನ್ನಲಿ? ಸುಮ್ನೆ ಕೂತರೆ ಗೋಡೆಗೆ ಕಥೆ ಹೇಳಿದ ಹಾಗೆ. ಆ ಭಾಷೆಯವರನ್ನೇ, ಮೊಮ್ಮಗಳನ್ನೋ ಪಕ್ಕದ ಮನೆಯವರನ್ನೋ, ಎದುರಿಗೆ ಕೂರಿಸಬೇಕು.

ಬರೆದಿಡುವಾಗ ಹೂಂಗಳನ್ನು ಕಿತ್ತುಹಾಕುವ ಚಾಳಿ ಬೇರೆ. ಅಜ್ಜಿಯ ಕ್ಯಾಸೆಟ್ಟು ಕೇಳಿ ಬರೆಯುವಾಗ ನಾನೂ ಅದನ್ನೇ ಮಾಡಿದ್ದೆ. ಆಮೇಲೆ ಇನ್ನೊಮ್ಮೆ ಕೇಳಿ ಎಲ್ಲ ಸೇರಿಸಿದೆ. ಒಂದು ಕಡೆ ನನ್ನ ಹೂಂ ಇಲ್ಲ. "ಮಲ್ಗಿತು ಕಾಣ್ತದೆ" ಅನ್ನುವ ಅಜ್ಜಿಯ ದನಿ. ಅಲ್ಲಿಂದ ಮುಂದೆ ಅಡಿಕೆ ಬುಟ್ಟಿಗೆ ಬೀಳುವ ಸದ್ದು ಮಾತ್ರ.